ಹಿತ್ತಲ ಗಿಡದ ಉಮೇದುವಾರಿಕೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಮೊದಲು ಆಡಿದವರು ಮತಪೆಟ್ಟಿಗೆಯನ್ನು ಕಂಡವರಲ್ಲ. ಆದರೂ ನಮ್ಮ ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳ ಚುನಾವಣೆಗೆ ಈ ಮಾತು ಒಪ್ಪುವಷ್ಟು ಮತ್ತಾವ ಸಂದರ್ಭಕ್ಕೂ ಒಪ್ಪಲಾರದು. ಮೂವತ್ತು ನಲವತ್ತು ವರ್ಷ ಒಂದೇ ಬೀದಿಯಲ್ಲಿ ಬಾಳಿದ ವ್ಯಕ್ತಿ, ನಿವೃತ್ತ ಉಪಾಧ್ಯಾಯರೋ, ಔಷಧದ ಅಂಗಡಿಯವರೋ, ಅಂಚೆ ಕಚೇರಿಯಲ್ಲಿ ದುಡಿದವರೋ, ಯಾವ ಪಕ್ಷದ ಟಿಕೇಟನ್ನೂ ಬೇಡದೆ ಒಂದು ದಿನ ಹೋಗಿ ನಾಮಪತ್ರ ಸಲ್ಲಿಸುತ್ತಾರೆ. ಬೀದಿಯು ಅವರನ್ನು ಬಲ್ಲದು. ಅವರು ಬೀದಿಯನ್ನು ಬಲ್ಲರು. ನೀರು ಬಾರದ ದಿನ ಕಚೇರಿಗೆ ಅರ್ಜಿ ಬರೆದುಕೊಟ್ಟವರು ಅವರು. ಬಿದ್ದ ಮರವನ್ನು ತೆಗೆಸಲು ಓಡಾಡಿದವರು ಅವರು. ಅವರ ವಿಷಯ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: “ಬಹಳ ಒಳ್ಳೆಯವರು, ಆದರೆ ಗೆಲ್ಲುವುದುಂಟೆ?” ಈ ವಾಕ್ಯದ ಮೊದಲ ಭಾಗದಲ್ಲಿ ಊರಿನ ತೀರ್ಪಿದೆ, ಎರಡನೆಯ ಭಾಗದಲ್ಲಿ ಆ ತೀರ್ಪನ್ನು ಊರೇ ತಳ್ಳಿಹಾಕುತ್ತದೆ. ಇವೆರಡರ ನಡುವಣ ‘ಆದರೆ’ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಕಾನೂನು ಏನೆನ್ನುತ್ತದೆಂಬುದನ್ನು ನೋಡೋಣ. ಲೋಕಸಭೆಗೆ ನಿಲ್ಲುವವನು ತನ್ನ ಮನೆಯಿಂದ ಸಾವಿರ ಮೈಲಿ ಆಚೆಯ ಕ್ಷೇತ್ರವನ್ನು ಆರಿಸಿಕೊಳ್ಳಬಹುದು. ರಾಜ್ಯಸಭೆಗೆ ಬರುವವನು ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ಕಟ್ಟಳೆಯನ್ನೂ 2003ರಲ್ಲಿ ತೆಗೆದುಹಾಕಲಾಯಿತು. ಊರಿನ ಸಭೆಯ ಮಾತು ಹಾಗಲ್ಲ. ಅಲ್ಲಿ ಉಮೇದುವಾರನಾಗಬೇಕಾದರೆ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಯಸ್ಸು ಇಪ್ಪತ್ತೊಂದು ತುಂಬಿರಬೇಕು. ಆಳುವವನು ಆಳಿಸಿಕೊಳ್ಳುವವರ ನಡುವೆಯೇ ವಾಸಿಸಬೇಕೆಂಬ ತತ್ತ್ವವು ನಮ್ಮ ಪ್ರಜಾಪ್ರಭುತ್ವದ ಮೂರು ಅಂತಸ್ತುಗಳಲ್ಲಿ ಕೆಳಗಿನದೊಂದರಲ್ಲಿ ಮಾತ್ರ ಉಳಿದುಕೊಂಡಿದೆ. ಆದರೆ ಎಷ್ಟು ವರ್ಷ ವಾಸಿಸಿರಬೇಕೆಂದು ಕಾನೂನು ಕೇಳುವುದಿಲ್ಲ. ಮೊನ್ನೆ ಬಂದು ಪಟ್ಟಿಗೆ ಹೆಸರು ಸೇರಿಸಿದವನಿಗೂ ಅರುವತ್ತು ವರ್ಷ ಅಲ್ಲಿಯೇ ಬಾಳಿದವನಿಗೂ ಅಲ್ಲಿ ಭೇದವಿಲ್ಲ. ಕಾನೂನು ಮೌನವಾಗಿರುವ ಈ ಜಾಗದಲ್ಲಿಯೇ ಮತದಾರನ ವಿವೇಕ ಕೆಲಸ ಮಾಡಬೇಕಾಗುತ್ತದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಎರಡು ಶಾಸನಗಳಿವೆ. ಊರನ್ನು ಮೂವತ್ತು ಭಾಗಗಳಾಗಿ ಮಾಡಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದಲ್ಲಿ ಹಾಕಿ, ಬಾಲಕನೊಬ್ಬನಿಂದ ಎತ್ತಿಸಿ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ಕ್ರಮ ಅವುಗಳಲ್ಲಿ ವಿವರವಾಗಿದೆ. ಅರ್ಹತೆಗಳ ಪಟ್ಟಿಯಲ್ಲಿ ಎರಡು ಅಂಶಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುವು. ಆ ಮನುಷ್ಯನಿಗೆ ಕಂದಾಯ ಸಲ್ಲುವ ಸ್ವಂತ ಭೂಮಿ ಇರಬೇಕು. ಅವನು ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ವಾಸಿಸುತ್ತಿರಬೇಕು. ಅನರ್ಹತೆಗಳ ಪಟ್ಟಿ ಇದಕ್ಕಿಂತ ಸ್ವಾರಸ್ಯವಾದುದು: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಆಯ್ಕೆಗೆ ಬರುವಂತಿಲ್ಲ, ಅವನ ಹತ್ತಿರದ ಬಂಧುಗಳೂ ಬರುವಂತಿಲ್ಲ. ಊರಿನಲ್ಲಿ ಬೇರು ಬಿಟ್ಟಿರಬೇಕೆಂದು ಒಂದು ಕೈಯಿಂದ ಕೇಳಿದವರು, ಆ ಬೇರು ಊರಿನ ಹಣವನ್ನು ಹೀರದಿರಲೆಂದು ಇನ್ನೊಂದು ಕೈಯಿಂದ ತಡೆದರು.

ಕನ್ನಡ ನಾಡಿನ ಶಾಸನಗಳಲ್ಲಿಯೂ ಇದೇ ಮನೋಧರ್ಮ ಬೇರೆ ರೂಪದಲ್ಲಿ ಕಾಣುತ್ತದೆ. ಅಗ್ರಹಾರದ ಮಹಾಜನರು, ನಗರದ ವರ್ತಕರಿಗೆ ಮುಖ್ಯನಾದ ಪಟ್ಟಣಸ್ವಾಮಿ, ಊರ ಗಾವುಂಡ ಮುಂತಾದವರು ದಾನಗಳಿಗೆ ಸಾಕ್ಷಿಗಳಾಗಿ, ದೇವಾಲಯ ಕೆರೆಗಳಿಗೆ ಪಾಲಕರಾಗಿ ಮತ್ತೆ ಮತ್ತೆ ಬರುತ್ತಾರೆ. ಕೆರೆಯ ದುರಸ್ತಿಗಾಗಿ ‘ಬಿತ್ತುವಟ್ಟ’ವೆಂದು ಬಿಟ್ಟ ದತ್ತಿಗಳು ಇನ್ನೂ ಕಲ್ಲಿನ ಮೇಲೆ ಉಳಿದಿವೆ. ‘ಊರಳಿವು’ ಬಂದಾಗ ಹೋರಿ ಮಡಿದವರ ವೀರಗಲ್ಲುಗಳನ್ನು ನಮ್ಮ ವಿದ್ಯಾರ್ಥಿಗಳು ಹಳಗನ್ನಡದ ಪಾಠದಲ್ಲಿ ಓದುತ್ತಾರೆ. ಊರಿನಲ್ಲಿ ಇರುವುದೆಂದರೆ ಊರಿನ ಕೆರೆಗೂ ದನಕ್ಕೂ ಹೊಣೆಯಾಗುವುದೆಂಬ ಅರ್ಥ ಆ ಬರವಣಿಗೆಯಲ್ಲೆಲ್ಲ ಹಾಸುಹೊಕ್ಕಾಗಿದೆ. ಹಳೆಯ ಪತ್ರಿಕೆಗಳು ಪುರಸಭೆಯ ಸದಸ್ಯರನ್ನು ‘ಪುರಪಿತೃಗಳು’ ಎಂದು ಕರೆಯುತ್ತಿದ್ದುವು. ಇಂದು ಆ ಶಬ್ದವನ್ನು ಬಳಸಿದರೆ ಓದುಗರು ನಗಬಹುದು. ಆದರೆ ಶಬ್ದವು ಹಾಸ್ಯಾಸ್ಪದವಾಗುವುದಕ್ಕೆ ಮೊದಲು ಅದು ನಿಂತಿದ್ದ ಭಾವನೆ ಸಡಿಲವಾಗಿರಬೇಕಷ್ಟೆ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದೆಲ್ಲವೂ ಶ್ರೇಷ್ಠವೆಂದು ತಿಳಿಯಬಾರದು. ಉತ್ತರಮೇರೂರಿನ ಸಭೆ ಭೂಮಿಯುಳ್ಳ ಬ್ರಾಹ್ಮಣರ ಸಭೆ. ಅಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ಹೊಲದಲ್ಲಿ ದುಡಿದವರಿಗೂ ಇರಲಿಲ್ಲ. ಬ್ರಿಟಿಷರ ಕಾಲದ ಪುರಸಭೆಗಳಲ್ಲಿಯೂ ಮತವೆಂಬುದು ತೆರಿಗೆ ಕೊಡುವವರ, ಆಸ್ತಿಯುಳ್ಳವರ ಸ್ವತ್ತಾಗಿತ್ತು. ‘ಬಹುಕಾಲದ ನಿವಾಸಿ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಇಂದಿಗೂ ಮನೆಯ ಯಜಮಾನರದೇ: ಬಿಳಿಯ ಪಂಚೆ, ಗೇಟಿನ ಮೇಲೆ ಹೆಸರಿನ ಹಲಗೆ, ಅಂಗಳದಲ್ಲಿ ತೆಂಗಿನ ಮರ. ಅದೇ ಬೀದಿಯ ಕೊನೆಯಲ್ಲಿ ತಗಡಿನ ಸೂರಿನ ಕೆಳಗೆ ಮೂವತ್ತು ವರ್ಷದಿಂದ ವಾಸವಾಗಿದ್ದು, ದಿನವೂ ಬೆಳಗಾಗುವ ಮೊದಲೇ ಆ ಬೀದಿಯನ್ನು ಗುಡಿಸುವ ಪೌರಕಾರ್ಮಿಕಳೂ ಬಹುಕಾಲದ ನಿವಾಸಿಯೇ. ಬೀದಿಯ ಯಾವ ಮನೆಯವರು ಕಸವನ್ನು ಬೇರ್ಪಡಿಸಿ ಕೊಡುತ್ತಾರೆ, ಯಾವ ಮನೆಯವರು ರಾತ್ರಿ ಚರಂಡಿಗೆ ಸುರಿಯುತ್ತಾರೆ ಎಂಬುದನ್ನು ಅವಳಷ್ಟು ಬಲ್ಲವರಿಲ್ಲ. ಸೊಸೆಯಾಗಿ ಬೇರೆ ಊರಿನಿಂದ ಬಂದವಳು ವಂಶಾವಳಿಯ ಲೆಕ್ಕದಲ್ಲಿ ಹೊಸಬಳಿರಬಹುದು; ಆದರೆ ಬೆಳಗಿನ ಯಾವ ಗಳಿಗೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಎಷ್ಟು ಕೊಡ ತುಂಬುವಷ್ಟರಲ್ಲಿ ನಿಲ್ಲುತ್ತದೆ ಎಂಬುದನ್ನು ಅವಳ ಮಾವನವರಿಗಿಂತ ಅವಳೇ ಚೆನ್ನಾಗಿ ಬಲ್ಲಳು. 1950ರ ಸಂವಿಧಾನವು ವಯಸ್ಕರೆಲ್ಲರಿಗೂ ಮತವನ್ನಿತ್ತ ಮೇಲೆ, ಯಾರ ಬಾಳಿಕೆ ಲೆಕ್ಕಕ್ಕೆ ಬರುತ್ತದೆಂಬ ಪ್ರಶ್ನೆಗೆ ಹಳೆಯ ಉತ್ತರ ಸಾಲದು.

ಹಾಗೆಯೇ ‘ನಾವು ಮೊದಲು ಬಂದವರು’ ಎಂಬ ಹೆಮ್ಮೆಗೂ ಒಂದು ಮಿತಿಯುಂಟು. ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳನ್ನು ಇಂದು ಹಳೆಯ ಬೆಂಗಳೂರಿನ ತವರೆಂದು ಭಾವಿಸುತ್ತೇವೆ. ಅವು ಬಡಾವಣೆಗಳಾಗಿ ಬೆಳೆದದ್ದು 1898ರ ಪ್ಲೇಗಿನ ದೆಸೆಯಿಂದ. ಪೇಟೆಯ ಇಕ್ಕಟ್ಟನ್ನು ಬಿಟ್ಟು ಓಡಿಬಂದವರಿಗೆ ಅಲ್ಲಿ ನಿವೇಶನಗಳು ದೊರೆತುವು. ಜಯನಗರ 1948ರಲ್ಲಿ ಹುಟ್ಟಿತು. ಅಲ್ಲಿಯ ಇಂದಿನ ಹಿರಿಯರೆಲ್ಲ ಒಂದು ಕಾಲದ ಹೊಸಬರು, ಅಥವಾ ಹೊಸಬರ ಮಕ್ಕಳು. ಊರು ಎಂಬುದು ಬಂದವರಿಂದ ಆಗುವಂಥದು. ಬಂದವರು ನೆಲೆಸಿದ ಮೇಲೆ ಮುಂದೆ ಬರುವವರಿಗೆ ಬಾಗಿಲು ಹಾಕಿಕೊಂಡರೆ ಅದು ಊರಾಗಿ ಉಳಿಯಲಾರದು. ಆದುದರಿಂದ ತನ್ನ ನಲವತ್ತು ವರ್ಷಗಳನ್ನು ಹಕ್ಕುಪತ್ರದಂತೆ ಹಿಡಿದು ಮತ ಕೇಳುವವನ ವಿಷಯದಲ್ಲಿ ನಾವು ಎಚ್ಚರವಾಗಿರಬೇಕು. ಆ ವರ್ಷಗಳಲ್ಲಿ ಕಲಿತದ್ದನ್ನು ನಿನ್ನೆ ಬಂದ ಬಾಡಿಗೆದಾರನಿಗೂ ಉಪಯೋಗವಾಗುವಂತೆ ಮುಂದಿಡುವವನಿದ್ದರೆ ಅವನ ಮಾತಿಗೆ ಕಿವಿಗೊಡುವುದು ಯುಕ್ತ.

ಹಾಗಾದರೆ ಆ ಕಲಿತದ್ದು ಯಾವುದು? ಜನರ ಪರಿಚಯವೇ? ಹಳ್ಳಿಯಲ್ಲಿ ಹಾಗೆನ್ನಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸುಮಾರು ನಾನೂರು ಜನಕ್ಕೆ ಒಬ್ಬ ಸದಸ್ಯನಿರುತ್ತಾನೆ. ನಾನೂರು ಮುಖಗಳನ್ನು ಒಬ್ಬ ಮನುಷ್ಯ ಬಲ್ಲ. ಅಲ್ಲಿಯ ಚುನಾವಣೆ ಪಕ್ಷಗಳ ಚಿಹ್ನೆಯಿಲ್ಲದೆ ನಡೆಯಬೇಕೆಂಬ ನಿಯಮಕ್ಕೂ ಈ ಪರಿಚಯವೇ ಆಧಾರ. ಬೆಂಗಳೂರಿನ ಲೆಕ್ಕ ಬೇರೆ. 2011ರ ಜನಗಣತಿಯಲ್ಲಿ ಅಲ್ಲಿಯ ಪಾಲಿಕೆಯ ಜನಸಂಖ್ಯೆ 84 ಲಕ್ಷ. ಆಗ ಇದ್ದ ವಾರ್ಡುಗಳು 198. ವಾರ್ಡೊಂದಕ್ಕೆ ಸರಾಸರಿ ನಲವತ್ತೆರಡು ಸಾವಿರಕ್ಕೂ ಮೇಲ್ಪಟ್ಟು ಜನ. ಅಷ್ಟು ಮಂದಿಯನ್ನು ಯಾವ ಹಿರಿಯನೂ ಅರಿಯಲಾರ. ಆ ಪ್ರಮಾಣದ ವಾರ್ಡಿನಲ್ಲಿ ‘ಎಲ್ಲರಿಗೂ ಗೊತ್ತಿರುವವನು’ ಎಂದರೆ ಬಹುಮಟ್ಟಿಗೆ ಗೋಡೆಗಳ ಮೇಲೆ, ಕಂಬಗಳ ಮೇಲೆ ಭಾವಚಿತ್ರವಿರುವವನು ಎಂದರ್ಥ. ಪರಿಚಯದ ಸ್ಪರ್ಧೆಯಲ್ಲಿ ಹಣವುಳ್ಳವನು ನಿವಾಸಿಯನ್ನು ಸುಲಭವಾಗಿ ಮೀರಿಸುತ್ತಾನೆ. ಮೇಲೆ ಹೇಳಿದ ‘ಆದರೆ’ ಹುಟ್ಟುವ ಒಂದು ಸ್ಥಳ ಇದು.

ನಿವಾಸಿಯನ್ನು ಹಣವಂತನು ಮೀರಿಸಲಾಗದ ವಿಷಯ ಒಂದಿದೆ. ಅದು ಸ್ಥಳದ ಅರಿವು. ಬೆಂಗಳೂರಿನ ಉದಾಹರಣೆಯನ್ನೇ ನೋಡಿರಿ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ನೆಲ. ಕೆರೆಯನ್ನು ಮುಚ್ಚಬಹುದು, ನೀರಿಗೆ ಮಾತ್ರ ತನ್ನ ಹಾದಿ ಮರೆಯದು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದಲ್ಲಿ, ಬೆಳ್ಳಂದೂರಿನ ಸುತ್ತಮುತ್ತ, ಹೊಸ ಬಡಾವಣೆಗಳು ಜಲಾವೃತವಾಗಿ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಯಾವ ಕೆರೆಯ ಕೋಡಿ ಯಾವ ಕಾಲುವೆಗೆ ಸೇರುತ್ತಿತ್ತು, ಆ ರಾಜಕಾಲುವೆ ಯಾವ ಗೋಡೆಯ ಕೆಳಗೆ ಕಿರಿದಾಯಿತು ಎಂಬುದು ಕಂದಾಯದ ನಕ್ಷೆಯಲ್ಲಿ ಸಿಕ್ಕೀತು. ಆದರೆ ನಕ್ಷೆಯನ್ನು ತೆರೆದು ನೋಡಬೇಕೆಂದು ಅಧಿಕಾರಿಗೆ ನೆನಪಿಸಲು ಒಬ್ಬರು ಬೇಕು. ಮಳೆಗಾಲಗಳನ್ನು ಎಣಿಸುತ್ತ ಅಲ್ಲಿ ಬಾಳಿದವನಿಗೆ ಆ ನೆನಪಿರುತ್ತದೆ. ವರ್ಗವಾಗಿ ಬಂದು ವರ್ಗವಾಗಿ ಹೋಗುವ ಅಧಿಕಾರಿಯಲ್ಲಿ ದಕ್ಷತೆ ಎಷ್ಟೇ ಇದ್ದರೂ ಈ ನೆನಪು ಇರುವುದು ಸಾಧ್ಯವಿಲ್ಲ. ನಿವಾಸಿಯ ಬಾಳಿಕೆ ಊರಿಗೆ ಸಲ್ಲಿಸಬಹುದಾದ ನಿಜವಾದ ಸೇವೆ ಇಲ್ಲಿದೆ.

ಆದಾಗ್ಯೂ ಇದೇ ಬಾಳಿಕೆಯೊಡನೆ ಒಂದು ದೌರ್ಬಲ್ಯವೂ ಬರುತ್ತದೆ. ಅದರ ಹೆಸರು ದಾಕ್ಷಿಣ್ಯ. ರಾಜಕಾಲುವೆಯ ಮೇಲೆ ಕಟ್ಟಿದ ಗೋಡೆ ಯಾರದೆಂದು ಬಲ್ಲವನು, ಆ ಗೋಡೆಯ ಯಜಮಾನನ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡಿರುತ್ತಾನೆ. ಮೂರನೆಯ ಮಹಡಿಯನ್ನು ಅನುಮತಿಯಿಲ್ಲದೆ ಎತ್ತಿದವರು ಅವನ ಸಹಪಾಠಿಗಳಿರಬಹುದು. ಪಾದಚಾರಿಗಳ ದಾರಿಗೆ ಮೆಟ್ಟಿಲು ಚಾಚಿದ ಅಂಗಡಿ ಅವನ ಭಾವಮೈದುನನದಿರಬಹುದು. ಪಕ್ಷದ ಮನುಷ್ಯನಿಗೆ ಮೇಲಿನವರ ಅಪ್ಪಣೆಯ ಭಯ. ಊರಿನ ಮನುಷ್ಯನಿಗೆ ಪಕ್ಕದ ಮನೆಯವರ ಮುಖದ ಸಂಕೋಚ. ಯಾವುದು ಹೆಚ್ಚು ಕೆಡುಕೆಂದು ಹೇಳುವುದು ಸುಲಭವಲ್ಲ. ಅಪ್ಪಣೆಗೆ ಬಗ್ಗಿದವನನ್ನು ಪತ್ರಿಕೆಗಳು ಹೆಸರಿಟ್ಟು ಟೀಕಿಸುತ್ತವೆ. ದಾಕ್ಷಿಣ್ಯಕ್ಕೆ ಬಗ್ಗಿದವನನ್ನು ಒಳ್ಳೆಯ ಮನುಷ್ಯನೆಂದು ಊರೇ ಹೊಗಳುತ್ತದೆ. ಉತ್ತರಮೇರೂರಿನವರು ಲೆಕ್ಕ ತಪ್ಪಿದವನ ಬಂಧುಗಳನ್ನೂ ಹೊರಗಿಟ್ಟದ್ದು ಕ್ರೂರವೆಂದು ಮೇಲುನೋಟಕ್ಕೆ ಕಾಣಬಹುದು. ದಾಕ್ಷಿಣ್ಯವೆಂಬುದು ಊರಿನ ಆಡಳಿತವನ್ನು ಒಳಗಿನಿಂದ ತಿನ್ನುವ ಗೆದ್ದಲೆಂದು ಅವರು ಅರಿತಿದ್ದರು.

ಇನ್ನು ಗೆದ್ದ ಮೇಲಿನ ಮಾತು. 2015ರ ಆಗಸ್ಟಿನಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೆ ನಡೆದ ಚುನಾವಣೆಯಲ್ಲಿ 198 ಸ್ಥಾನಗಳ ಪೈಕಿ 190ನ್ನು ಮೂರು ದೊಡ್ಡ ಪಕ್ಷಗಳು ಹಂಚಿಕೊಂಡುವು: ಭಾರತೀಯ ಜನತಾ ಪಕ್ಷಕ್ಕೆ 100, ಕಾಂಗ್ರೆಸ್ಸಿಗೆ 76, ಜನತಾ ದಳಕ್ಕೆ 14. ಉಳಿದದ್ದು ಎಂಟು. ಮಹಾಪೌರರನ್ನು ಆರಿಸುವಾಗ ನಗರದ ಶಾಸಕರೂ ಸಂಸದರೂ ಮತ ಹಾಕುತ್ತಿದ್ದುದರಿಂದ, ಅತಿ ಹೆಚ್ಚು ವಾರ್ಡುಗಳನ್ನು ಗೆದ್ದ ಪಕ್ಷಕ್ಕೆ ಆ ಪದವಿ ದೊರೆಯಲಿಲ್ಲ. ಕಾಂಗ್ರೆಸ್ಸೂ ಜನತಾ ದಳವೂ ಪಕ್ಷೇತರರ ಬೆಂಬಲದಿಂದ ಅದನ್ನು ಪಡೆದುವು. ಅಂದರೆ ವಾರ್ಡಿನಲ್ಲಿ ಚರಂಡಿಯ ಮಾತನಾಡಿ ಗೆದ್ದು ಬಂದ ಪಕ್ಷೇತರನಿಗೆ ಸಭೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಚರಂಡಿಯದಲ್ಲ. ಯಾರ ಕಡೆಗೆ ಕೈಯೆತ್ತಬೇಕೆಂಬುದು. ಆಗ ಅವನ ಒಂದು ಮತಕ್ಕೆ ಬೆಲೆ ಬರುತ್ತದೆ. ಬೆಲೆ ಬಂದ ವಸ್ತುವಿಗೆ ಕೊಳ್ಳುವವರೂ ಇರುತ್ತಾರೆ. ವಾರ್ಡಿಗೆ ಅನುದಾನ ತರಲು ಆಳುವ ಪಕ್ಷದೊಡನೆ ನಿಂತೆನೆಂದು ಅವನು ಹೇಳಿದರೆ ಅದು ಸುಳ್ಳೇ ಆಗಬೇಕಿಲ್ಲ; ಆದರೆ ಆ ತೀರ್ಮಾನವನ್ನು ಮತದಾರರ ಮುಂದೆ ಮೊದಲೇ ಬಿಚ್ಚಿಟ್ಟಿದ್ದನೆ ಎಂಬುದೇ ಪ್ರಶ್ನೆ.

ಅಧಿಕಾರದ ವ್ಯಾಪ್ತಿಯ ವಿಷಯದಲ್ಲಿಯೂ ಸ್ಪಷ್ಟತೆ ಬೇಕು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ನಗರ ಯೋಜನೆ, ರಸ್ತೆ, ನೀರು, ನೈರ್ಮಲ್ಯ, ಉದ್ಯಾನ, ಸ್ಮಶಾನ ಎಲ್ಲವೂ ಅದರಲ್ಲಿವೆ. ವಹಿಸಬೇಕೆಂಬ ಕಡ್ಡಾಯವಿಲ್ಲ, ಅದು ರಾಜ್ಯದ ಶಾಸನಸಭೆಯ ಇಚ್ಛೆಗೆ ಬಿಟ್ಟದ್ದು. ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿಯನ್ನು 1964ರಿಂದ ಪ್ರತ್ಯೇಕ ಮಂಡಳಿ ನೋಡಿಕೊಳ್ಳುತ್ತ ಬಂದಿತು. ಬಡಾವಣೆಗಳ ನಿರ್ಮಾಣಕ್ಕೆ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಬಂದಿತು. ಬಸ್ಸಿಗೂ ವಿದ್ಯುತ್ತಿಗೂ ಬೇರೆ ಬೇರೆ ಸಂಸ್ಥೆಗಳಾದುವು. ಹೀಗಿರುವಾಗ ‘ಮನೆ ಮನೆಗೆ ನೀರು ತರಿಸುವೆ’ ಎಂದು ಕರಪತ್ರ ಹಂಚುವ ಉಮೇದುವಾರನು ಒಂದೋ ತಿಳಿಯದೆ ಹೇಳುತ್ತಿದ್ದಾನೆ, ಇಲ್ಲವೇ ತಿಳಿದೂ ಹೇಳುತ್ತಿದ್ದಾನೆ. ‘ನೀರು ನನ್ನ ಕೈಯಲ್ಲಿಲ್ಲ, ಮಂಡಳಿಯ ಬಾಗಿಲನ್ನು ತಟ್ಟುವುದು ನನ್ನ ಕೈಯಲ್ಲಿದೆ, ರಸ್ತೆಯನ್ನು ಒಂದು ವರ್ಷದಲ್ಲಿ ಮೂರು ಸಲ ಅಗೆಯದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ’ ಎನ್ನುವ ನಿವಾಸಿಯ ಮಾತು ಸಪ್ಪೆಯಾಗಿ ಕೇಳಿಸುತ್ತದೆ. ಸಪ್ಪೆಯಾದರೂ ಅದು ಸತ್ಯ.

ಇಷ್ಟೆಲ್ಲ ತೂಗಿ ನೋಡಿ ಆರಿಸಬೇಕಾದರೆ ಚುನಾವಣೆಯೆಂಬುದು ಕಾಲಕಾಲಕ್ಕೆ ನಡೆಯಬೇಕು. ನಗರಸಭೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗಾಗಿ ಮುಂದಿನ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ವಾರ್ಡುಗಳ ಪುನರ್ವಿಂಗಡಣೆಯಂಥ ನೆಪಗಳು ಇದಕ್ಕೆ ಅಡ್ಡಿಯಾಗಲಾಗದೆಂದು 2006ರಲ್ಲಿ, ಅಹಮದಾಬಾದ್ ನಗರಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ತಿಳಿಸಿತು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನ ಪಾಲಿಕೆಯ ಅವಧಿ ಮುಗಿದು, ಹೊಸ ಸಭೆ ಬಂದದ್ದು 2010ರಲ್ಲಿ. ಮುಂದೆ 2020ರ ಸೆಪ್ಟೆಂಬರ್ 10ರಂದು ಮತ್ತೊಂದು ಸಭೆಯ ಅವಧಿ ಮುಗಿಯಿತು. 2025ನೆಯ ಇಸವಿ ಕಳೆಯುವವರೆಗೂ ಚುನಾವಣೆ ನಡೆಯಲಿಲ್ಲ. ನಗರವು ನೀರಿನಲ್ಲಿ ಮುಳುಗಿದ 2022ರಲ್ಲಿ ಜನರು ಹೋಗಿ ಕೇಳಲು ವಾರ್ಡಿಗೆ ಸದಸ್ಯನೇ ಇರಲಿಲ್ಲ. ಈ ನಡುವೆ 198 ವಾರ್ಡುಗಳು ಕಾಗದದ ಮೇಲೆ 243 ಆದುವು, ಆಮೇಲೆ 225 ಆದುವು. 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆ ಹೋಗಿ, ಬೃಹತ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದುವು. ವಾರ್ಡುಗಳ ಸಂಖ್ಯೆ ಮುನ್ನೂರರುವತ್ತನ್ನು ಮೀರಿತು. ಮನೆಯನ್ನು ಬದಲಿಸದೆ ಕುಳಿತ ನಿವಾಸಿಯ ವಾರ್ಡು ಮೂರು ಸಲ ಬದಲಾಯಿತು. ಯಾವ ಬೀದಿಗಳು ತನ್ನ ಕ್ಷೇತ್ರವೆಂದು ತಿಳಿಯದವನು ಯಾವ ಬೀದಿಯಲ್ಲಿ ಕೆಲಸ ಮಾಡಿ ಮತ ಕೇಳಬೇಕು?

ಸಣ್ಣ ಊರುಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದ ನ್ಯಾಯಾಲಯದಲ್ಲಿದ್ದುದರಿಂದ ಅನೇಕ ಊರುಗಳಲ್ಲಿ ಗೆದ್ದವರು ಸುಮಾರು ಎರಡು ವರ್ಷ ಸಭೆಯನ್ನೇ ಕಾಣಲಿಲ್ಲ. ಮೀಸಲಾತಿಯ ತತ್ತ್ವ ನ್ಯಾಯವಾದುದು. ಅದಿಲ್ಲದಿದ್ದರೆ ಮೇಲೆ ಹೇಳಿದ ಪೌರಕಾರ್ಮಿಕಳು ಎಂದಿಗೂ ಉಮೇದುವಾರಳಾಗುತ್ತಿರಲಿಲ್ಲ. ಕರ್ನಾಟಕದ ನಗರಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಸಲ್ಲುವಂತಾದುದು ಸಣ್ಣ ಸಂಗತಿಯಲ್ಲ. ಆಕ್ಷೇಪವಿರುವುದು ಸರದಿಯ ಪಟ್ಟಿಯನ್ನು ಕೊನೆಯ ಗಳಿಗೆಯಲ್ಲಿ ಹೊರಡಿಸುವ ಪದ್ಧತಿಗೆ. ವಾರ್ಡು ಯಾರಿಗೆ ಮೀಸಲೆಂಬುದು ಎರಡು ವರ್ಷ ಮೊದಲೇ ತಿಳಿದರೆ ಆ ವರ್ಗದ ನಿವಾಸಿಗಳು ಸಿದ್ಧರಾಗಬಹುದು. ಕೊನೆಯ ವಾರದಲ್ಲಿ ತಿಳಿದರೆ, ಹಣವೂ ಕಾರ್ಯಕರ್ತರೂ ಸಿದ್ಧವಿರುವ ಪಕ್ಷಗಳು ಮಾತ್ರ ಉಮೇದುವಾರರನ್ನು ಹುಡುಕಿ ನಿಲ್ಲಿಸಬಲ್ಲುವು. ‘ಮಹಿಳೆ’ ಎಂದು ಪ್ರಕಟವಾದ ವಾರ್ಡಿನಲ್ಲಿ ಅದುವರೆಗೆ ಓಡಾಡುತ್ತಿದ್ದ ಗಂಡಸು ತನ್ನ ಹೆಂಡತಿಯ ಹೆಸರಿನಲ್ಲಿ ನಾಮಪತ್ರ ಹಾಕಿಸಿ, ಗೆದ್ದ ಮೇಲೆ ಕಚೇರಿಯಲ್ಲಿ ತಾನೇ ಕುಳಿತುಕೊಳ್ಳುವ ದೃಶ್ಯ ನಮಗೆ ಹೊಸದಲ್ಲ. ನಲ್ಲಿಯ ನೀರಿನ ಲೆಕ್ಕವನ್ನು ಬಲ್ಲವಳು ಆಗಲೂ ಮನೆಯಲ್ಲಿಯೇ ಉಳಿಯುತ್ತಾಳೆ.

1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದಾಗ, ಆಡಳಿತ ಸುಧಾರಿಸೀತೆಂಬುದಕ್ಕಿಂತ ಜನರಿಗೆ ರಾಜಕೀಯ ಶಿಕ್ಷಣವಾದೀತೆಂಬುದನ್ನು ಮುಖ್ಯ ಕಾರಣವಾಗಿ ಕೊಟ್ಟಿದ್ದನು. ಪರರ ಆಳ್ವಿಕೆಯಿಂದ ಬಂದ ಮಾತಾದರೂ ಅದರಲ್ಲಿ ಹುರುಳಿದೆ. ನಮ್ಮವರೇ ಆದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರ ಹಿಂದೆಯೂ ಪ್ರಜೆಯನ್ನು ಪ್ರಜೆಯ ಕೆಲಸಕ್ಕೆ ಸಿದ್ಧಪಡಿಸಬೇಕೆಂಬ ಕಳಕಳಿಯಿತ್ತು. ಈ ದೃಷ್ಟಿಯಿಂದ ನೋಡಿದರೆ ಸೋಲುವ ನಿವಾಸಿಯ ಉಮೇದುವಾರಿಕೆಯೂ ವ್ಯರ್ಥವಲ್ಲ. ಅವನು ಮನೆ ಮನೆಗೆ ಹೋಗಿ ಪಾಲಿಕೆಯ ಆಯವ್ಯಯದ ಮಾತೆತ್ತಿದರೆ, ಎದುರಾಳಿಗಳೂ ಆ ಮಾತಿಗೆ ಉತ್ತರ ಹುಡುಕಬೇಕಾಗುತ್ತದೆ. ಠೇವಣಿ ಹೋದೀತು, ಆದರೆ ಕಸದ ಗುತ್ತಿಗೆಗೆ ವಾರ್ಡಿನಲ್ಲಿ ಎಷ್ಟು ಹಣ ಖರ್ಚಾಗುತ್ತದೆಂದು ಕೇಳಬಹುದೆಂಬ ಸಂಗತಿ ನೂರು ಮನೆಗಳಿಗೆ ತಿಳಿದಿರುತ್ತದೆ. ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನವೇ ವಿಧಿಸಿದೆ. ಚುನಾವಣೆಯಲ್ಲಿ ಸೋತ ಬಳಿಕ ಆ ಸಮಿತಿಯ ಸಭೆಗೆ ಹೋಗಿ ಕೂರುವವನು ನಿಜವಾದ ನಿವಾಸಿ. ಸೋತ ಮರುದಿನ ಬಾಗಿಲು ಹಾಕಿಕೊಳ್ಳುವವನು ಪದವಿಗಾಗಿ ನಿಂತವನು.

ಆದುದರಿಂದ ಇಂಥ ಉಮೇದುವಾರರು ಬಾಗಿಲಿಗೆ ಬಂದಾಗ ‘ಗೆಲ್ಲುವುದುಂಟೆ?’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಬೇರೆ ಕೆಲವನ್ನು ಕೇಳುವುದು ಮೇಲು. ನಾಮಪತ್ರ ಸಲ್ಲಿಸುವ ಮೊದಲು ಈ ಊರಿಗಾಗಿ ಏನು ಮಾಡಿದಿರಿ? ಅದರ ಕಾಗದಪತ್ರ ಉಂಟೆ? ನಿಮ್ಮ ಮನೆಯ ಗೋಡೆ, ನಿಮ್ಮ ಬಂಧುಗಳ ಅಂಗಡಿ, ಇವುಗಳ ವಿಷಯ ಸಭೆಗೆ ಬಂದರೆ ಏನು ಹೇಳುವಿರಿ? ಬಾಡಿಗೆ ಮನೆಯವರೂ ಗುಡಿಸಲಿನವರೂ ನಿಮ್ಮ ಪಟ್ಟಿಯಲ್ಲಿರುವರೆ? ಮಹಾಪೌರರ ಆಯ್ಕೆಯಲ್ಲಿ ಕೈಯೆತ್ತುವ ಮೊದಲು ನಮ್ಮನ್ನು ಕರೆದು ಕೇಳುವಿರಾ? ವರ್ಷಕ್ಕೊಮ್ಮೆ ವಾರ್ಡಿನ ಖರ್ಚಿನ ಲೆಕ್ಕವನ್ನು ಶಾಲೆಯ ಜಗಲಿಯಲ್ಲಿ ಓದಿ ಹೇಳುವಿರಾ? ಮೂವತ್ತು ವರ್ಷದ ನೆರೆಯವನನ್ನು ಹೀಗೆ ಕೇಳಲು ನಾಲಗೆ ಅಳುಕುತ್ತದೆಂಬುದು ಸಹಜ. ದಾಕ್ಷಿಣ್ಯವು ಉಮೇದುವಾರನ ರೋಗವೆಂದು ಮೇಲೆ ಹೇಳಿದ್ದಾಯಿತು. ಮತದಾರನಿಗೂ ಅದು ತಗಲಿರುತ್ತದೆ. ಹೊರಗಿನಿಂದ ಬಂದು ನಿಂತವನನ್ನು ನಾವು ಕೇಳುವುದಿಲ್ಲ, ಏಕೆಂದರೆ ಅವನು ಮತ್ತೆ ಸಿಕ್ಕುವುದಿಲ್ಲ. ನೆರೆಯವನನ್ನು ಕೇಳುವುದಿಲ್ಲ, ಏಕೆಂದರೆ ದಿನವೂ ಸಿಕ್ಕುತ್ತಾನೆ.

ಊರು ಉಪಕಾರ ಅರಿಯದೆಂಬ ಇನ್ನೊಂದು ಗಾದೆಯನ್ನು ಸೋತ ಹಿರಿಯರು ಆಗಾಗ ಹೇಳಿಕೊಳ್ಳುವುದುಂಟು. ಅದು ಅವರ ನೋವಿನ ಮಾತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಊರು ಅವರಿಗೆ ಸಲ್ಲಿಸಬೇಕಾದದ್ದು ಉಪಕಾರದ ಸ್ಮರಣೆಯನ್ನಲ್ಲ, ಪರೀಕ್ಷೆಯನ್ನು. ಹಿತ್ತಲ ಗಿಡ ಹಿತ್ತಲಿನಲ್ಲಿದೆಯೆಂಬ ಕಾರಣಕ್ಕೇ ಮದ್ದಾಗುವುದಿಲ್ಲ. ಹಿತ್ತಲಿನಲ್ಲಿದೆಯೆಂಬ ಕಾರಣಕ್ಕೇ ಮದ್ದಲ್ಲವೆನ್ನುವುದೂ ಅವಿವೇಕ. ಅದರ ಎಲೆಯನ್ನು ಅರೆದು ನೋಡಿದವರಿಗೆ ತಿಳಿಯುತ್ತದೆ. ಮುಂದಿನ ಚುನಾವಣೆಯ ಅಧಿಸೂಚನೆ ನಮ್ಮ ಊರಿಗೆ ಎಂದು ಬರುತ್ತದೋ ಅಂದು ಆ ಕೆಲಸಕ್ಕೆ ಸಿಗುವ ಕಾಲ ಕೆಲವೇ ದಿನ. ಅದಕ್ಕೆ ಮೊದಲೇ, ಪಕ್ಕದ ಮನೆಯವರ ಜಗಲಿಯ ಮೇಲೆ ಕುಳಿತು, ಸದಸ್ಯನಾಗುವವನು ಏನೇನು ಲೆಕ್ಕ ಒಪ್ಪಿಸಬೇಕೆಂಬುದನ್ನು ನಾವು ನಾವೇ ಮಾತನಾಡಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.